ಬೂಷ್ಟು ಹಿಡಿಯಲೆಂದು ಕಾಯುವ ತೋಟ

ಅಕ್ಟೋಬರ್ 17, ರಾತ್ರಿ. ಲಾಂಗೋಂ, ಫ್ರಾನ್ಸ್.

ಬೆಳಿಗ್ಗೆ ಎಂಟೂವರೆಗೆ ಸೋತೆರ್ನ್ ಊರಿನ ದಾರಿ ಹಿಡಿದಾಗ ರಸ್ತೆಯ ಎರಡೂ ಬದಿಯ ದ್ರಾಕ್ಷಿ ಸಾಲುಗಳು ಕಾವಳದಲ್ಲಿ ಮುಳುಗಿದ್ದವು. ಹತ್ತು ಮಾರು ದೂರದ ಗೂಟ ಕೂಡ ಕಾಣುತ್ತಿರಲಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ನಮ್ಮ ದ್ರಾಕ್ಷಿ ತೋಟದಲ್ಲಿ ಇಂಥ ಮುಂಜಾವು ಬಂದಿದ್ದರೆ ಅಪ್ಪ ಚಹಾ ಕುಡಿಯುವ ಮೊದಲೇ ಔಷಧಿ ಹೊಡೆಯುವ ಯಂತ್ರಕ್ಕೆ ನೀರು ತುಂಬಿಸುತ್ತಿದ್ದರು. ಎಲೆಯ ಮೇಲೆ ತೇವ ನಿಂತರೆ ಡೌನಿ ಎಂಬ ರೋಗ, ಬಿಸಿಲು ಕುಂದಿದರೆ ಬೂದಿರೋಗ ಎಂಬ ಭಯದಲ್ಲೇ ನಾವು ಬೆಳೆದವರು. ಸಿಹಿ ವೈನಿಗೆ ಹೆಸರಾದ ಶಾತೋ ದಿಕೆಮ್ ಎಂಬ ಇಲ್ಲಿನ ತೋಟದವರು ಮಾತ್ರ ಇಂಥ ಮಂಜು ಬರಲೆಂದೇ ವರ್ಷವಿಡೀ ಕಾಯುತ್ತಾರೆ.

ಮಂಜಿನ ಮೂಲ ಎರಡು ನದಿಗಳು. ಸಿರೋಂ ಎಂಬ ಸಣ್ಣ ಹೊಳೆ ಲಾಂದ್ ಪ್ರದೇಶದ ಕಾಡಿನಿಂದ, ಮರಗಳ ನೆರಳಿನಲ್ಲೇ ತಣ್ಣಗೆ ಹರಿದುಬಂದು ಅದಕ್ಕಿಂತ ಬೆಚ್ಚಗಿರುವ ಗರೋನ್ ನದಿಯನ್ನು ಸೇರುತ್ತದೆ. ಶರತ್ಕಾಲದ ರಾತ್ರಿಗಳಲ್ಲಿ ಅಲ್ಲಿ ಎದ್ದ ಮಂಜು ದಿಣ್ಣೆಗಳನ್ನೇರಿ ತೋಟಗಳ ಮೇಲೆ ಹರಡುತ್ತದೆ. ಈ ತೇವದಲ್ಲಿ ಬೊಟ್ರಿಟಿಸ್ ಸಿನೆರಿಯಾ ಎಂಬ ಶಿಲೀಂಧ್ರ ಹಣ್ಣನ್ನು ಹತ್ತುತ್ತದೆ. ಮಧ್ಯಾಹ್ನ ಬಿಸಿಲೂ ಗಾಳಿಯೂ ಬಂದರೆ, ಶಿಲೀಂಧ್ರ ತೂತು ಮಾಡಿದ ಸಿಪ್ಪೆಯ ಮೂಲಕ ನೀರು ಆವಿಯಾಗಿ, ಸಕ್ಕರೆ, ಹುಳಿ ಮತ್ತು ಪರಿಮಳ ಒಳಗೆ ಸಾಂದ್ರವಾಗುತ್ತವೆ. ಇದನ್ನೇ ಫ್ರೆಂಚರು ಕುಲೀನ ಕೊಳೆ ಎನ್ನುತ್ತಾರೆ. ಬಿಸಿಲಿನ ಬದಲು ಮಳೆ ಹಿಡಿದುಕೊಂಡರೆ ಅದೇ ಶಿಲೀಂಧ್ರ ಬೂದು ಕೊಳೆಯಾಗಿ ಇಡೀ ಗೊಂಚಲನ್ನು ಹಾಳುಗೆಡವುತ್ತದೆ. ದಿಣ್ಣೆಯ ಕೆಳಪದರದಲ್ಲಿ ನೀರು ಹಿಡಿದಿಡುವ ಜೇಡಿಮಣ್ಣು ಇರುವುದರಿಂದ 19ನೆಯ ಶತಮಾನದಲ್ಲೇ ಸುಮಾರು 100 ಕಿಲೋಮೀಟರ್ ಉದ್ದದ ಕೊಳವೆಗಳನ್ನು ಹೂತು ನೀರು ಬಸಿದುಹೋಗುವಂತೆ ಮಾಡಿದ್ದಾರೆ. ನೀರನ್ನು ಬೇರಿನಿಂದ ದೂರವಿಟ್ಟು ಹಣ್ಣಿನ ಮೇಲೆ ಮಾತ್ರ ಬಯಸುವ ಈ ಬೇಸಾಯವನ್ನು ಅರಗಿಸಿಕೊಳ್ಳಲು ನನಗೆ ಬಹಳ ಹೊತ್ತು ಬೇಕಾಯಿತು.

ಹತ್ತೂವರೆಯ ಹೊತ್ತಿಗೆ ಮಂಜು ಕರಗಿತು. ರಸ್ತೆಯ ಪಕ್ಕದ ಸಾಲಿನಲ್ಲಿ ಕೊಯ್ಲಿನವರು ಕುಳಿತು, ಬಾಗಿ, ಒಂದೊಂದು ಗೊಂಚಲನ್ನೂ ಎಡಗೈಯಲ್ಲಿ ತಿರುಗಿಸಿ ನೋಡುತ್ತಿದ್ದರು. ಒಂದೇ ಗೊಂಚಲಿನಲ್ಲಿ ಬಂಗಾರ ಬಣ್ಣದ ಗಟ್ಟಿ ಹಣ್ಣು, ಕಂದು ತಿರುಗಿದ ಮೆತ್ತನೆಯ ಹಣ್ಣು, ನೇರಳೆಗಪ್ಪಾಗಿ ಸುಕ್ಕುಗಟ್ಟಿ ಬೂದು ತುಪ್ಪಳ ಹೊದ್ದ ಹಣ್ಣು ಎಲ್ಲವೂ ಇರುತ್ತವೆ. ಇವರಿಗೆ ಬೇಕಾದದ್ದು ಕೊನೆಯದು ಮಾತ್ರ. ಸಣ್ಣ ಕತ್ತರಿಯ ತುದಿಯಿಂದ ಅಷ್ಟನ್ನೇ ಬಿಡಿಸಿಕೊಂಡು, ಉಳಿದದ್ದನ್ನು ಬಳ್ಳಿಯಲ್ಲೇ ಬಿಟ್ಟು ಮುಂದೆ ಸಾಗುತ್ತಾರೆ. ಕೆಲವು ದಿನ ಬಿಟ್ಟು ಅದೇ ಸಾಲಿಗೆ ಮತ್ತೆ ಬರುತ್ತಾರೆ. ಸಾಮಾನ್ಯವಾಗಿ ಐದಾರು ಸುತ್ತು, ಕಷ್ಟದ ವರ್ಷಗಳಲ್ಲಿ ಅದಕ್ಕೂ ಹೆಚ್ಚು. ನಮ್ಮಲ್ಲಿ ಗೊಂಚಲು ಕತ್ತರಿಸುವ ಹೆಣ್ಣುಮಕ್ಕಳ ಕೈಚಳಕವನ್ನು ನೋಡುತ್ತಲೇ ನಾನು ದೊಡ್ಡವನಾದೆ. ಆದರೆ ಒಂದು ಗೊಂಚಲಿನ ಮುಂದೆ ಒಬ್ಬ ಹೆಂಗಸು ಇಷ್ಟು ಹೊತ್ತು ಕುಳಿತು ಬೆರಳಿನಿಂದಲೇ ಒಳ್ಳೆಯ ಕೊಳೆಯನ್ನೂ ಕೆಟ್ಟ ಕೊಳೆಯನ್ನೂ ಬೇರ್ಪಡಿಸುವುದನ್ನು ಇದೇ ಮೊದಲು ಕಂಡೆ. ಈ ತೋಟದ ಹೆಸರು ನಿಂತಿರುವುದು ಆ ಬೆರಳುಗಳ ಮೇಲೆ ಎಂದು ನನಗೆ ಖಾತ್ರಿಯಾಗಿದೆ.

ಮಧ್ಯಾಹ್ನ ಟಿಕೆಟ್ ಪಡೆದು ಒಳಗೆ ಹೋದೆ. ಸುಮಾರು 100 ಹೆಕ್ಟೇರ್ ಫಲ ಕೊಡುವ ತೋಟ. ಹೆಚ್ಚಿನ ಪಾಲು ಸೆಮಿಯೋಂ ತಳಿ, ಉಳಿದದ್ದು ಸೊವಿನ್ಯೋಂ ಬ್ಲಾಂ. ಒಂದು ಹೆಕ್ಟೇರಿನಿಂದ ಸಿಗುವುದು ಸರಾಸರಿ 900 ಲೀಟರ್ ವೈನ್, ಅಂದರೆ ಒಂದು ಬಳ್ಳಿಗೆ ಒಂದೇ ಲೋಟ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಮಣೂಕ ಆಗುವುದನ್ನು ಕಂಡವನಿಗೆ ಹಣ್ಣು ಕುಗ್ಗುವ ಲೆಕ್ಕ ಹೊಸದಲ್ಲ. ಆದರೆ ನಾವು ಹಣ್ಣನ್ನು ಬೇಗ ಒಣಗಲೆಂದು ಡಿಪ್ಪಿಂಗ್ ಆಯಿಲ್ ಬೆರೆಸಿದ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಯ ಮೇಲೆ ಹರವಿ, ಎರಡು ವಾರದೊಳಗೆ ಒಣಗಿಸಿ ತೆಗೆಯುತ್ತೇವೆ. ಇಲ್ಲಿ ಆ ಕೆಲಸವನ್ನು ಬಳ್ಳಿಯ ಮೇಲೆಯೇ ಶಿಲೀಂಧ್ರ ಮಾಡಬೇಕು.

ಹಿಂಡುವ ಮನೆಯಲ್ಲಿ ಕೇಳಿದ ಒಂದು ಸಂಗತಿ ಮನಸ್ಸಿನಲ್ಲಿ ಕುಳಿತಿದೆ. ಬೇರೆಡೆ ಮೊದಲ ಹಿಂಡಿನ ರಸವೇ ಶ್ರೇಷ್ಠ. ಇಲ್ಲಿ ಹಣ್ಣನ್ನು ಹಲವು ಸಲ ಹಿಂಡುತ್ತಾರೆ, ಕೊನೆಯ ಹಿಂಡಿನಲ್ಲಿ ಬರುವುದೇ ಅತ್ಯಂತ ಸಿಹಿಯಾದ ರಸ. ಅದು ಹೊಸ ಓಕ್ ಪೀಪಾಯಿಗಳಲ್ಲಿ ಹುದುಗುತ್ತದೆ. ಆಲ್ಕೋಹಾಲ್ ಶೇ 13-14ರ ಸುಮಾರಿಗೆ ಬಂದಾಗ ಅದರ ಮತ್ತು ಸಕ್ಕರೆಯ ಭಾರಕ್ಕೆ ಯೀಸ್ಟ್ ಸೋತು ನಿಲ್ಲುತ್ತದೆ; ಉಳಿದ ಸಕ್ಕರೆ ವೈನಿನಲ್ಲೇ ಉಳಿಯುತ್ತದೆ. ಬಳಿಕ ಎರಡು ವರ್ಷದ ಆಸುಪಾಸು ಪೀಪಾಯಿಯ ವಾಸ. ಆವಿಯಾಗಿ ತಗ್ಗಿದ ಮಟ್ಟವನ್ನು ಮತ್ತೆ ಮತ್ತೆ ತುಂಬಿಸುತ್ತಲೇ ಇರಬೇಕು.

ಪೀಪಾಯಿಗಳ ಈ ಉಗ್ರಾಣವನ್ನು 1826ರಲ್ಲಿ ಕಟ್ಟಿಸಿದವಳು ತೋಟದ ಒಡತಿ ಫ್ರಾಂಸ್ವಾಜ್ ಜೋಸೆಫೀನ್ ದ ಸೊವಾಜ್ ದಿಕೆಮ್. 1785ರಲ್ಲಿ ಲೂಯಿ ಅಮೆದೆ ದ ಲ್ಯೂರ್ ಸಲ್ಯೂಸ್‌ನನ್ನು ಮದುವೆಯಾಗಿ ಮೂರೇ ವರ್ಷದಲ್ಲಿ ವಿಧವೆಯಾದಳು. ಕ್ರಾಂತಿಯ ಕಾಲದಲ್ಲಿ ಸೆರೆಮನೆ ಕಂಡಳು. ಆದರೂ ತೋಟವನ್ನು ಕೈಬಿಡದೆ 1851ರಲ್ಲಿ ಸಾಯುವವರೆಗೆ ಕಾಪಾಡಿಕೊಂಡಳು. 1855ರಲ್ಲಿ ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟಾಗ ಬಿಳಿ ವೈನುಗಳ ಪೈಕಿ ಎಲ್ಲಕ್ಕಿಂತ ಮೇಲಿನ ವಿಶೇಷ ಸ್ಥಾನ ಈ ಒಂದೇ ತೋಟಕ್ಕೆ ಸಂದಿತು. ಅದನ್ನು ನೋಡಲು ಅವಳಿರಲಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. 1999ರಲ್ಲಿ ಐಷಾರಾಮಿ ವಸ್ತುಗಳ ಎಲ್‌ವಿಎಂಎಚ್ ಕಂಪನಿ ತೋಟದ ಒಡೆತನ ಪಡೆಯಿತು.

ಗೋಡೆಯ ಮೇಲೆ ವೈನ್ ಹೊರಬಂದ ವರ್ಷಗಳನ್ನು ಹುಡುಕುವುದಕ್ಕಿಂತ ಇಲ್ಲದ ವರ್ಷಗಳನ್ನು ಎಣಿಸುವುದೇ ಹೆಚ್ಚು ತಿಳಿವಳಿಕೆ ಕೊಡುತ್ತದೆ. 1910, 1915, 1930, 1951, 1952, 1964, 1972, 1974, 1992: ಈ ಒಂಬತ್ತು ವರ್ಷ ಇಲ್ಲಿನ ಸಿಹಿ ವೈನ್ ಹೊರಬರಲಿಲ್ಲ. ಮತ್ತೆ 2012ರಲ್ಲೂ, ಕೊಯ್ಲಿನ ಶ್ರಮವೆಲ್ಲ ಮುಗಿದ ಮೇಲೆ, ಗುಣಮಟ್ಟ ಸಾಲದೆಂದು ಆ ವರ್ಷದ ಬಾಟಲಿಗೆ ತಮ್ಮ ಹೆಸರು ಹಾಕುವುದನ್ನು ಕೈಬಿಟ್ಟರು. ಹಣವಂತರ ಕಂಪನಿಗೆ ಇದು ಸುಲಭ ಎನ್ನಬಹುದು. ಆದರೆ ಹಿಂದಿನ ಆ ವರ್ಷಗಳಲ್ಲಿ ಇದು ಒಂದು ಕುಟುಂಬದ ತೋಟವಾಗಿತ್ತು. ಅಕಾಲಿಕ ಮಳೆಯಿಂದ ಬಣ್ಣಗೆಟ್ಟ ಒಣದ್ರಾಕ್ಷಿಯನ್ನು ಸಿಕ್ಕ ಬೆಲೆಗೆ ಮಾರಿ ಬ್ಯಾಂಕಿನ ಕಂತು ಕಟ್ಟಿದ ಮನೆಯವನಾದ ನನಗೆ, ಇಡೀ ವರ್ಷದ ಬೆಳೆಯನ್ನು ಬೇಡವೆನ್ನುವುದರ ಬೆಲೆ ಎಷ್ಟೆಂದು ಗೊತ್ತು.

ಕೊನೆಗೆ ಒಂದು ಸಣ್ಣ ಗ್ಲಾಸು ಕೈಗೆ ಬಂತು. ಜೇನು, ಒಣಗಿದ ಜರದಾಳು, ಸ್ವಲ್ಪ ಕೇಸರಿ. ಆ ಸಿಹಿಯ ಹಿಂದೆಯೇ ಲಿಂಬೆಯಂಥ ಹುಳಿ ಬಂದು ನಾಲಿಗೆಯನ್ನು ತೊಳೆದುಬಿಡುತ್ತದೆ. ಆ ಹುಳಿಯಿಲ್ಲದಿದ್ದರೆ ಇದು ಪಾಕವಾಗುತ್ತಿತ್ತು.

ಸಂಜೆ ಅಣ್ಣ ಫೋನ್ ಮಾಡಿದ್ದ. ಊರಿನಲ್ಲಿ ಅಕ್ಟೋಬರ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿದೆ. ಇಲ್ಲಿ ಸುಗ್ಗಿ ಮುಗಿಯುವ ಹೊತ್ತಿಗೆ ಅಲ್ಲಿ ಹೊಸ ಚಿಗುರು. “ಏನ್ ತಮ್ಮಾ, ಬೂಸು ಹತ್ತಿದ ಹಣ್ಣ ಆರಿಸಿ ಆರಿಸಿ ತಗೋತಾರಾ?” ಎಂದು ಎರಡು ಸಲ ಕೇಳಿದ. ಹೌದು ಅಂದೆ. ಕೊಯ್ಲಿನ ಹೆಂಗಸು ಬೇಲಿಯಾಚೆಯಿಂದ ನನ್ನ ಅಂಗೈಗೆ ಹಾಕಿದ್ದ ಎರಡು ಸುಕ್ಕು ಹಣ್ಣುಗಳ ಚಿತ್ರ ಕಳಿಸಿದೆ. ಸ್ವಲ್ಪ ಹೊತ್ತು ಬಿಟ್ಟು, ನಾಳೆ ಮೋಡವಿದೆ, ಬೆಳಿಗ್ಗೆಯೇ ಔಷಧಿ ಹೊಡೆಯಬೇಕು ಎಂದು ಹೇಳಿ ಫೋನಿಟ್ಟ.