ಹನಿಗಂಟೆ: ಅಡಿಕೆ ಅಂಗಳದ ಮಳೆ ಗಂಟೆಯನ್ನು ಮಾರಲು ಹೊರಟವನ ದಿನಚರಿ

ನವೆಂಬರ್ 23

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದಾಗ ಮಳೆ ಬಂತು. ಅಮ್ಮ ಕೂಗಿದ್ದು ಕೇಳಿ ಓಡುವಷ್ಟರಲ್ಲಿ ಅರ್ಧ ಅಂಗಳ ಒದ್ದೆ. ಪುತ್ತೂರು ಕಡೆಯ ಅಡಿಕೆ ಮನೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ಆಗಬೇಕಾದ ಹಣ್ಣಡಿಕೆ ಸಿಪ್ಪೆ ಸಹಿತ 40-45 ದಿನ ಬಿಸಿಲಿನಲ್ಲಿ ಒಣಗಬೇಕು. ಅಷ್ಟು ದಿನವೂ ಮನೆಯಲ್ಲಿ ಒಬ್ಬರ ಕಣ್ಣು ಆಕಾಶದ ಮೇಲಿರಬೇಕು. ಒಮ್ಮೆ ಚೆನ್ನಾಗಿ ನೆನೆದರೆ ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಸುಲಿದಾಗ ಒಳಗೆ ಬೂಸಲು ಹಿಡಿದಿರುತ್ತದೆ, ಅಂಗಡಿಯವರು ಅದನ್ನು ಪಟೋರ, ಕರಿಗೋಟು ಎಂಬ ಕಡಿಮೆ ದರದ ದರ್ಜೆಗೆ ತಳ್ಳುತ್ತಾರೆ. ಒಂದು ಕ್ವಿಂಟಲಿಗೆ ಕಿಲೋಗೆ ನೂರು ರೂಪಾಯಿ ಕಡಿಮೆಯಾದರೂ ಹತ್ತು ಸಾವಿರ ಹೋಯಿತು.

ಪಾರದರ್ಶಕ ಹಾಳೆ ಹೊದೆಸಿದ ಮಾಡು ಕಟ್ಟಿಸಿಕೊಂಡವರಿಗೆ ಈ ಚಿಂತೆಯಿಲ್ಲ. ಅದಕ್ಕೆ ದುಡ್ಡಿಲ್ಲದವರು, ಅಂಗಳ ಬಿಟ್ಟು ಬೇರೆ ಜಾಗವಿಲ್ಲದವರು ಸುತ್ತಮುತ್ತ ಸಾಕಷ್ಟಿದ್ದಾರೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಎಂಟು ವರ್ಷ ಬೇರೆಯವರ ಯಂತ್ರ ರಿಪೇರಿ ಮಾಡಿದ್ದೇನೆ. ಮಳೆ ಹನಿಗೆ ಕೂಗಿ ಎಚ್ಚರಿಸುವ ಸ್ವಂತದ್ದೊಂದು ಯಂತ್ರ ಮಾಡಿ ಮಾರೋಣ ಎಂಬ ಆಸೆಗೆ ಒದ್ದೆ ಅಂಗಳ ನೆಪವಾಯಿತು. ಹೆಸರು ಮಾತ್ರ ಮೊದಲೇ ಸಿಕ್ಕಿದೆ: ಹನಿಗಂಟೆ.

ಡಿಸೆಂಬರ್ 9

ಆನ್‌ಲೈನಿನಲ್ಲಿ ಐವತ್ತು ರೂಪಾಯಿಗೆ ಸಿಗುವ ಮಳೆ ಸಂವೇದಕವನ್ನೇ ಮೊದಲು ತಂದೆ. ತಾಮ್ರದ ಎರಡು ಬಾಚಣಿಗೆಗಳನ್ನು ಎದುರುಬದುರು ಕೂರಿಸಿದ ಹಲಗೆ ಅದು. ನಡುವೆ ನೀರು ಬಿದ್ದರೆ ವಿದ್ಯುತ್ ಹರಿಯುತ್ತದೆ. ಎರಡು ವಾರದಲ್ಲಿ ಎರಡು ಪಾಠ ಕಲಿಸಿತು. ಒಂದು, ಸದಾ ಒಂದೇ ದಿಕ್ಕಿಗೆ ವಿದ್ಯುತ್ ಹರಿದು ಒಂದು ಬಾಚಣಿಗೆಯ ಹಲ್ಲುಗಳು ಹಸಿರುಗಟ್ಟಿ ಸವೆದುಹೋದವು. ಎರಡು, ಬೆಳಗಿನ ಜಾವ ನಾಲ್ಕಕ್ಕೆ ಇಬ್ಬನಿಗೇ ಗಂಟೆ ಹೊಡೆಯಿತು. ಅಪ್ಪ ಟಾರ್ಚು ಹಿಡಿದು ಹೊರಗೆ ಹೋಗಿ, ನಕ್ಷತ್ರ ನೋಡಿ ಒಳಗೆ ಬಂದರು. ಏನೂ ಹೇಳಲಿಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಹೊಡೆದಾಗ ತಂತಿ ಕಿತ್ತು ನನ್ನ ಮೇಜಿನ ಮೇಲೆ ತಂದಿಟ್ಟರು.

ಡಿಸೆಂಬರ್ 28

ಈಗಿನ ಉಪಾಯ ಬೇರೆ. ಸ್ಟೀಲ್ ಡಬ್ಬಿಯ ಮುಚ್ಚಳದ ಅಡಿಗೆ ಪಿಯೆಜೊ ಬಿಲ್ಲೆಯೊಂದನ್ನು ಅಂಟಿಸಿ ಓರೆಯಾಗಿ ನಿಲ್ಲಿಸಿದ್ದೇನೆ. ಹನಿ ಬಿದ್ದರೆ ‘ಟಕ್’ ಎಂಬ ಪೆಟ್ಟು, ಆ ಪೆಟ್ಟಿಗೆ ಬಿಲ್ಲೆಯಲ್ಲಿ ಸಣ್ಣ ವೋಲ್ಟೇಜು. ಮಲಗಿದ್ದ ಚಿಪ್ ಅದರಿಂದ ಎಚ್ಚರವಾಗುತ್ತದೆ. ಹತ್ತು ಸೆಕೆಂಡಿನಲ್ಲಿ ಮೂರು ಪೆಟ್ಟು ಬಿದ್ದರೆ ಮಾತ್ರ ಪಕ್ಕದ ಬಾಚಣಿಗೆಗೆ ಕ್ಷಣಮಾತ್ರ ವಿದ್ಯುತ್ ಕೊಟ್ಟು ಒದ್ದೆಯಾಗಿದೆಯೇ ಎಂದು ನೋಡುತ್ತದೆ, ಅದೂ ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ. ಇಬ್ಬನಿಗೆ ಒದ್ದೆ ಉಂಟು, ಪೆಟ್ಟು ಇಲ್ಲ. ಕಾಗೆ ಕುಕ್ಕಿದರೆ ಪೆಟ್ಟು ಉಂಟು, ಒದ್ದೆ ಇಲ್ಲ. ಎರಡೂ ಕೂಡಿದರೆ ಮಳೆ. ತಾಮ್ರವೂ ಬಾಳುತ್ತದೆ, ಬ್ಯಾಟರಿಯೂ ಬಾಳುತ್ತದೆ.

(ಕಾಗೆ ಒಂದು ದಿನ ಮುಚ್ಚಳದ ಮೇಲೆ ಕೂತು ಹಿಕ್ಕೆ ಹಾಕಿತು. ಪೆಟ್ಟೂ ಇತ್ತು, ಒದ್ದೆಯೂ ಇತ್ತು. ಈ ಒಂದನ್ನು ಹಾಗೆಯೇ ಬಿಟ್ಟಿದ್ದೇನೆ.)

ಮೊದಲು ಬಳಸಿದ್ದು ಇಎಸ್‌ಪಿ32 ಎಂಬ ಚಿಪ್ಪಿನ ಹಲಗೆ. ಚಿಪ್ಪೇನೋ ನಿದ್ದೆ ಮಾಡುತ್ತದೆ. ಹಲಗೆಯ ಮೇಲಿನ ಉಳಿದ ಬಿಡಿಭಾಗಗಳು ಎಚ್ಚರವಾಗಿಯೇ ಕೂತು ಬ್ಯಾಟರಿ ಹೀರುತ್ತವೆ. ಹಳೆಯ ಎಟಿಮೆಗಾ328ಪಿ ಚಿಪ್ಪಿಗೆ ಬದಲಾಯಿಸಿದೆ.

ಜನವರಿ 11

ಇವತ್ತು ಕುತ್ತಿಗೆಗೆ ಗಡಿಯಾರ ನೇತುಹಾಕಿಕೊಂಡು ಅಂಗಳ ಮುಚ್ಚುವ ಅಭ್ಯಾಸ ಮಾಡಿದೆವು. 40 ಅಡಿ ಅಗಲ, 60 ಅಡಿ ಉದ್ದ, ನಾಲ್ಕು ಟರ್ಪಾಲು, ಅಂಚಿಗಿಡಲು ಕಲ್ಲುಗಳು. ನಾನು ಮತ್ತು ಅಮ್ಮ ಸೇರಿ ಹನ್ನೊಂದು ನಿಮಿಷ. ಅಮ್ಮ ಒಬ್ಬರೇ ಆದರೆ ಇಪ್ಪತ್ತೈದಾದರೂ ಬೇಕು.

ಮೊದಲ ಹನಿಯಿಂದ ಜೋರು ಮಳೆಯವರೆಗೆ ಸಿಗುವುದು ಮೂರೋ ನಾಲ್ಕೋ ನಿಮಿಷ. ಅಂದರೆ ಎರಡು ತಿಂಗಳು ಕೂತು ನಾನು ತಯಾರಿಸಿದ್ದು ‘ಮಳೆ ಬಂತು’ ಎಂದು ಒದ್ದೆಯಾಗುತ್ತಿರುವವನಿಗೆ ಹೇಳುವ ಯಂತ್ರ. ಸಂಜೆಯಿಡೀ ಯಾರ ಹತ್ತಿರವೂ ಮಾತಾಡಲು ಮನಸ್ಸಾಗಲಿಲ್ಲ.

ಜನವರಿ 14

ಪರಿಹಾರ ಹೇಳಿದ್ದು ಗುಡ್ಡದ ಮೇಲಿನ ಮನೆಯ ಭಾವ. ಚಹಾ ಕುಡಿಯುತ್ತಾ, “ನಮ್ಮಲ್ಲಿ ಶುರುವಾಗಿ ನೀವು ಟರ್ಪಾಲು ಬಿಡಿಸುವ ಹೊತ್ತಿಗೆ ನಮ್ಮದು ಪೂರಾ ಚಂಡಿಯಾಗಿರುತ್ತದೆ. ನಿಮ್ಮ ಪೆಟ್ಟಿಗೆ ನಮ್ಮ ಮಾಡಿನ ಮೇಲಿರಬೇಕಿತ್ತು ಮಾರಾಯ” ಎಂದು ತಮಾಷೆ ಮಾಡಿದರು. ಅವರ ಮನೆ ನಮ್ಮಿಂದ ಮೂಡಣಕ್ಕೆ ಎರಡೂವರೆ ಕಿಲೋಮೀಟರ್. ಮಧ್ಯಾಹ್ನದ ಗುಡುಗು ಮಳೆ ನಮ್ಮಲ್ಲಿ ಹೆಚ್ಚಾಗಿ ಘಟ್ಟದ ಕಡೆಯಿಂದಲೇ ಇಳಿಯುತ್ತದೆ. ಮೋಡ ಗಂಟೆಗೆ 20 ಕಿಲೋಮೀಟರ್ ಓಡಿದರೂ ಅಲ್ಲಿಂದ ಇಲ್ಲಿಗೆ ಏಳೂವರೆ ನಿಮಿಷ. ಹನಿಯ ಮೂರು ನಿಮಿಷ ಸೇರಿಸಿದರೆ ಹತ್ತೂವರೆ. ಅಂಗಳ ಮುಚ್ಚಲು ಹನ್ನೊಂದು. ಸಾಕು, ಕೊನೆಯ ಟರ್ಪಾಲು ಸ್ವಲ್ಪ ನೆನೆಯಲಿ.

ಪೆಟ್ಟಿಗೆಯ ಜೊತೆಗೆ ವ್ಯಾಪಾರವೂ ಅಲ್ಲಿಗೇ ಬದಲಾಯಿತು. ಒಂದು ಮನೆಗೆ ಒಂದು ಯಂತ್ರ ಮಾರುವುದಲ್ಲ, ಐದು ಮನೆಗಳ ಕೂಟಕ್ಕೆ ಮಾರುವುದು: ಎತ್ತರದಲ್ಲಿ ಎರಡು ಹನಿಪೆಟ್ಟಿಗೆ, ಮನೆಗೊಂದು ಗಂಟೆ. ಒಬ್ಬರು ಬೇಡವೆಂದರೆ ಉಳಿದ ನಾಲ್ವರಿಗೆ ದುಬಾರಿಯಾಗುತ್ತದೆ. ನೆರೆಕರೆಯವರು ಮಾತು ಬಿಟ್ಟಿರುವ ಊರಿನಲ್ಲಿ ನನ್ನ ವ್ಯಾಪಾರ ನಡೆಯುವುದಿಲ್ಲ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ, 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಒಳ್ಳೆಯ ವ್ಯವಸ್ಥೆ, ಅವರ ಸಹಾಯವಾಣಿ ‘ವರುಣಮಿತ್ರ’ಕ್ಕೆ ಫೋನ್ ಮಾಡಿ ನಾಳೆಯ ಕೆಲಸ ನಿರ್ಧರಿಸುವವರು ನಾವೂ ಹೌದು. ಆದರೆ ನನ್ನ ಇಡೀ ಕಥೆಯೇ ಆ 15 ನಿಮಿಷದ ಒಳಗಿನದು.

ಫೆಬ್ರವರಿ 2

ಗುಡ್ಡಕ್ಕೆ ವೈಫೈ ಮುಟ್ಟುವುದಿಲ್ಲ, ಮೊಬೈಲ್ ಸಿಗ್ನಲ್ಲು ಮರ ಹತ್ತಿದರೆ ಸಿಗುತ್ತದೆ. ಹಾಗಾಗಿ ಲೋರಾ ರೇಡಿಯೊ. ನಮ್ಮ ದೇಶದಲ್ಲಿ 865-868 ಮೆಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಬಹುದು. ಕಡಿಮೆ ಶಕ್ತಿಯಲ್ಲಿ ಬಹುದೂರ ಹೋಗುತ್ತದೆ, ಒಯ್ಯುವ ಸುದ್ದಿ ನಾಲ್ಕಕ್ಷರದ್ದಾದರೆ ಸಾಕು. ನನ್ನ ಸುದ್ದಿ ಒಂದೇ ಅಕ್ಷರದ್ದು.

ಮಾಡ್ಯೂಲ್ ತರಿಸಿದ ಕಥೆ ಬೇರೆ. ಆನ್‌ಲೈನ್ ಅಂಗಡಿಯೊಂದಕ್ಕೆ 868ರದ್ದು ಹನ್ನೆರಡು ಬೇಕೆಂದು ಬರೆದೆ, 433ರದ್ದು ಬಂತು. ಹೊರಗಿನ ಚೀಟಿಯಲ್ಲಿ 868 ಎಂದೇ ಇತ್ತು. ತಗಡಿನ ಕವಚ ಎಬ್ಬಿಸಿ ನೋಡಿದಾಗಲೇ ಗೊತ್ತಾದದ್ದು. ಕವಚ ಎಬ್ಬಿಸಿದ್ದಕ್ಕೆ ವಾಪಸು ತೆಗೆದುಕೊಳ್ಳುವುದಿಲ್ಲವಂತೆ. ಎಬ್ಬಿಸದೆ ತಿಳಿಯುವುದು ಹೇಗೆ ಎಂದು ಕೇಳಿದ ಪತ್ರಕ್ಕೆ ಇನ್ನೂ ಉತ್ತರವಿಲ್ಲ. ಕೊನೆಗೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತಂದೆ.

ಫೆಬ್ರವರಿ 22

ಮೊಬೈಲ್ ಆ್ಯಪ್ ಮಾಡುವುದನ್ನು ಕೈಬಿಟ್ಟಿದ್ದೇನೆ. ಇಪ್ಪತ್ತು ದಿನದ ಕೆಲಸ ಕಸಕ್ಕೆ ಹೋಯಿತು. ತೋರಿಸಿದಾಗ ಅಮ್ಮ ಕೇಳಿದ್ದು ಇಷ್ಟೇ: “ನಾನು ಹಟ್ಟಿಯಲ್ಲಿರುವಾಗ ಫೋನು ಫ್ರಿಡ್ಜಿನ ಮೇಲಿರುತ್ತದಲ್ಲ?” ಗಂಟೆ ತೋಟದ ತುದಿಗೆ ಕೇಳಿಸಬೇಕು, ಅಷ್ಟೇ. ಈಗ ಸೈರನ್ನಿಗೆ ಎರಡು ರಾಗ. ಗುಡ್ಡದಲ್ಲಿ ಮಳೆ ಬಂದರೆ ನಿಧಾನ, ನಮ್ಮ ಅಂಗಳಕ್ಕೇ ಬಂದರೆ ಅವಸರ. ಒಂದೇ ಗುಂಡಿ, ಒತ್ತಿದರೆ ಬಾಯಿ ಮುಚ್ಚುತ್ತದೆ.

ಮಾರ್ಚ್ 8

ಇನ್ನು ದುಡ್ಡಿನ ವಿಚಾರ. ಹನಿಪೆಟ್ಟಿಗೆಗೆ: ರೇಡಿಯೊ 450, ಚಿಪ್ಪು 150, ಸೌರಫಲಕ 180, ಸೆಲ್ 160, ಎಲೆಕ್ಟ್ರಿಷಿಯನ್ನರು ಬಳಸುವ ನೀರು ಹೋಗದ ಪೆಟ್ಟಿಗೆ 140, ಆಂಟೆನಾ 90, ಸರ್ಕ್ಯೂಟ್ ಹಲಗೆ 60, ಬಿಲ್ಲೆ ಮುಚ್ಚಳ ಇತ್ಯಾದಿ 40. ಒಟ್ಟು 1,270. ಮನೆಯೊಳಗಿನ ಗಂಟೆಗೆ 1,090. ಎರಡು ಪೆಟ್ಟಿಗೆ, ಐದು ಗಂಟೆಗಳ ಕೂಟಕ್ಕೆ ಸಾಮಾನಿನ ಖರ್ಚೇ 7,990 ಆಯಿತು. ಮನೆಗೆ 2,800ರಂತೆ ಐದು ಮನೆಯಿಂದ 14,000. ಉಳಿಯುವ 6,010 ನೋಡಿ ಖುಷಿಪಟ್ಟವನು ನಾನು ಒಬ್ಬನೇ. ಭಾವ ಅದೇ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಾ ಹೋದರು: ಬೈಕಿನ ಪೆಟ್ರೋಲು, ಗುಡ್ಡ ಹತ್ತಿ ಕಂಬ ನೆಡಲು ಒಂದು ದಿನ, ಸಹಾಯಕ್ಕೊಬ್ಬರ ಸಂಬಳ, ಒಂದು ವರ್ಷದ ಖಾತರಿಯಲ್ಲಿ ಹತ್ತಕ್ಕೆ ಒಂದು ಕೆಟ್ಟರೆ ಅದರ ಬದಲಿ. ಕೊನೆಗೆ ಉಳಿದದ್ದು 2,900. ನನ್ನ ಬೆಸುಗೆ ಹಾಕುವ ಕೂಲಿ ಅದರೊಳಗೇ.

ಚೆಂದದ ಪ್ಲಾಸ್ಟಿಕ್ ಕವಚಕ್ಕೆ ಅಚ್ಚು ಮಾಡಿಸಲು ಕೇಳಿದೆ. ಒಂದೂವರೆ ಲಕ್ಷವೆಂದರು. ನೂರು ಪೆಟ್ಟಿಗೆಗೆ ಹಂಚಿದರೆ ಒಂದಕ್ಕೆ 1,500, ಪೆಟ್ಟಿಗೆಗಿಂತ ಅಚ್ಚೇ ದುಬಾರಿ. ಬೂದು ಬಣ್ಣದ ಎಲೆಕ್ಟ್ರಿಕ್ ಪೆಟ್ಟಿಗೆಯೇ ಇರಲಿ. ತೂತು ಕೊರೆಯಲು ಮರದ ಅಳತೆಪಟ್ಟಿ ಮಾಡಿಕೊಂಡಿದ್ದೇನೆ, ಎಲ್ಲ ತೂತುಗಳೂ ಒಂದೇ ಕಡೆ ಬಂದರೆ ಕಾರ್ಖಾನೆಯದ್ದರಂತೆಯೇ ಕಾಣುತ್ತದೆ.

ಮಾರ್ಚ್ 21

ಕಾಗದಪತ್ರಗಳ ವಾರ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಶುಲ್ಕವಿಲ್ಲದೆ ಮನೆಯಲ್ಲೇ ಆಗುತ್ತದೆ, ಮಧ್ಯವರ್ತಿಗೆ ಎರಡು ಸಾವಿರ ಕೊಡುವ ಅಗತ್ಯವೇ ಇಲ್ಲ. ಅತಿಸಣ್ಣ ಉದ್ಯಮವೆಂದಾದರೆ 2022ರ ಇ-ತ್ಯಾಜ್ಯ ನಿಯಮಗಳಿಂದ ವಿನಾಯಿತಿಯೂ ಇದೆ. ಹಾಗೆಂದು ಹಳೆಯ ಸೆಲ್ಲನ್ನು ತೋಟಕ್ಕೆ ಎಸೆಯಲು ಬಿಡುವವನಲ್ಲ ನಾನು, ವಾಪಸು ತಂದವರಿಗೆ ಹೊಸದರಲ್ಲಿ ಐವತ್ತು ರೂಪಾಯಿ ಕಡಿತ.

ನನಗೆ ಗೊತ್ತಿಲ್ಲದೇ ಇದ್ದದ್ದು ಇಟಿಎ, ಅಂದರೆ ಉಪಕರಣದ ಮಾದರಿಗೆ ಕೊಡುವ ಒಪ್ಪಿಗೆ. ತರಂಗಕ್ಕೆ ಪರವಾನಗಿ ಬೇಡದಿದ್ದರೂ ಅದನ್ನು ಹೊಮ್ಮಿಸುವ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆ ಬೇಕು. ಸ್ವಯಂಘೋಷಣೆಯ ದಾರಿಯಿದೆ, ಸರಳ್ ಸಂಚಾರ್ ಜಾಲತಾಣದಲ್ಲಿ. ಆದರೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಲಗತ್ತಿಸಬೇಕು. ಈಗ ಮಾಡ್ಯೂಲ್ ಮಾರುವವರನ್ನು ಬೆಲೆ ಕೇಳುವ ಮೊದಲು ಇಟಿಎ ಪ್ರತಿ ಕೇಳುತ್ತೇನೆ. ಅರ್ಧದಷ್ಟು ಜನ ಆ ಮಾತಿಗೇ ಫೋನ್ ಇಡುತ್ತಾರೆ. ಲಿಥಿಯಂ ಸೆಲ್ಲಿಗೂ ಮೊಬೈಲ್ ಚಾರ್ಜರಿನಂಥ ಅಡಾಪ್ಟರಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಅವನ್ನು ನೋಂದಣಿ ಸಂಖ್ಯೆ ಅಚ್ಚಾದವನ್ನೇ ಕೊಳ್ಳುವುದೆಂದು ತೀರ್ಮಾನಿಸಿದೆ. ಒಂದಕ್ಕೆ ಮೂವತ್ತು ರೂಪಾಯಿ ಹೆಚ್ಚಾಗುತ್ತದೆ, ಮೇಲಿನ ಲೆಕ್ಕದಲ್ಲಿ ಅದು ಸೇರಿದೆ.

ಜಿಎಸ್‌ಟಿಯಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. ನಾನು ನಾಲ್ಕು ಲಕ್ಷ ಮುಟ್ಟಿದರೆ ಊರಿಗೆ ಪಾಯಸ. ಆದರೆ ರಾಜ್ಯದ ಗಡಿ ದಾಟಿ ಒಂದೇ ಒಂದು ಪೆಟ್ಟಿಗೆ ಮಾರಿದರೂ ನೋಂದಣಿ ಕಡ್ಡಾಯ. ಕಾಸರಗೋಡಿನಲ್ಲಿ ನಮ್ಮದೇ ಭಾಷೆ, ನಮ್ಮದೇ ಅಡಿಕೆ, ನಮ್ಮದೇ ನೆಂಟರು. ಅತ್ತೆಯ ಮನೆಯ ಅಂಗಳಕ್ಕೆ ಇಡುವುದು ಅಂತರರಾಜ್ಯ ವ್ಯಾಪಾರ.

ಏಪ್ರಿಲ್ 19

ಮೊನ್ನೆ 17ರಂದು ನಿಜವಾದ ಪರೀಕ್ಷೆ. ಮಧ್ಯಾಹ್ನ 3.42ಕ್ಕೆ ಗುಡ್ಡದ ಪೆಟ್ಟಿಗೆ ಕೂಗಿತು. ಆಗ ನಮ್ಮಲ್ಲಿ ಬಿಸಿಲು. ಪಕ್ಕದ ಮನೆಯವರು ಅಂಗಳಕ್ಕೆ ಬಂದು, ಆಕಾಶ ನೋಡಿ, ಒಳಗೆ ಹೋದರು. ನಾವು ಮುಚ್ಚಿದೆವು. 3.51ಕ್ಕೆ ಮೊದಲ ಹನಿ, 3.55ಕ್ಕೆ ಹಂಚು ಒಡೆಯುವಂಥ ಮಳೆ. ಒಳಗೆ ಹೋದವರ ಅಡಿಕೆಯ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಸಂಜೆ ಅವರೇ ಬಂದು ಸಾವಿರ ಮುಂಗಡ ಕೊಟ್ಟರು.

ಆದರೆ 12ರಂದು ಮಳೆ ಪಡುವಣದಿಂದ ಬಂದಿತ್ತು. ಗುಡ್ಡದ ಪೆಟ್ಟಿಗೆ ನಮ್ಮ ಅಂಗಳ ನೆನೆದ ಮೇಲೆ ಕೂಗಿತು. ಐದು ಮಳೆಯಲ್ಲಿ ನಾಲ್ಕನ್ನು ಸರಿಯಾಗಿ ಹೇಳಿದೆ. ಕರಪತ್ರದಲ್ಲಿ ಇದನ್ನೇ ಬರೆಯುವುದೋ ಬೇಡವೋ ಎಂದು ಭಾವನಿಗೂ ನನಗೂ ಜಗಳ. ಬರೆಯಬೇಕೆಂದು ನನ್ನ ಹಟ. ಮನೆಗೆ ಬಂದು ಬೈಸಿಕೊಳ್ಳುವವನು ನಾನಲ್ಲವೇ.

ಕಣಿವೆಯ ಕೊನೆಯ ಮನೆಗೆ ಮಾತ್ರ ಸಿಗ್ನಲ್ ಸಿಗುತ್ತಿಲ್ಲ, ನಡುವೆ ಗುಡ್ಡದ ತೊಡೆ ಅಡ್ಡ. ಆಂಟೆನಾವನ್ನು ಅವರ ನೀರಿನ ಟ್ಯಾಂಕಿನ ಮೇಲೆ ಏರಿಸಿ ನೋಡಬೇಕು.

ಮೇ 24

ಎರಡು ಕೂಟಗಳ ಮುಂಗಡ ಬಂದಿದೆ, ಒಂಬತ್ತು ಮನೆ. ಹತ್ತನೆಯವರು “ಅಡಿಕೆ ಕೊಟ್ಟ ಮೇಲೆ ಕೊಡುತ್ತೇನೆ” ಎಂದಿದ್ದಾರೆ. ಅವರು ದರ ಏರಲೆಂದು ಎರಡು ವರ್ಷದಿಂದ ಅಡಿಕೆ ಕೊಡದೆ ಇಟ್ಟುಕೊಂಡವರು.

ಬಿಡುಗಡೆ ನವರಾತ್ರಿಗೆ. ಅದಕ್ಕೂ ಮೊದಲು ಪ್ರಯೋಗಾಲಯದ ವರದಿ, ಗರಿಷ್ಠ ಮಾರಾಟ ಬೆಲೆ ಮತ್ತು ನಮ್ಮ ವಿಳಾಸ ಅಚ್ಚಾದ ಚೀಟಿ, ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ. ಸಣ್ಣವರಿಗೆ ಅದರ ಶುಲ್ಕ ಆನ್‌ಲೈನಿನಲ್ಲಿ 4,500. ಜೂನ್‌ನಿಂದ ಅಂಗಳದಲ್ಲಿ ಅಡಿಕೆ ಇರುವುದಿಲ್ಲ, ಪಾಚಿ ಇರುತ್ತದೆ. ಹತ್ತು ಹನಿಪೆಟ್ಟಿಗೆಗಳನ್ನು ಮಳೆಗಾಲವಿಡೀ ಗುಡ್ಡದ ಮೇಲೆಯೇ ಬಿಡುತ್ತಿದ್ದೇನೆ. ನಾಲ್ಕು ತಿಂಗಳು ನೀರು ಕುಡಿಯದೆ ಉಳಿದವುಗಳ ಮಾದರಿಯಲ್ಲೇ ಉಳಿದವು ತಯಾರಾಗುತ್ತವೆ. ಮನೆಯ ಗಂಟೆಯ ಸೈರನ್ ಬಿಚ್ಚಿ ಅಮ್ಮನ ಕೈಗೆ ಕೊಟ್ಟಿದ್ದೇನೆ. ಎಲ್ಲಿಟ್ಟಿದ್ದಾರೆಂದು ಸೆಪ್ಟೆಂಬರಿನವರೆಗೆ ಹೇಳುವುದಿಲ್ಲವಂತೆ.