ಹಾಜರಿದ್ದವಳಿಗೆ ‘ಗೈರು’

ಪ್ರಾಧ್ಯಾಪಕರನ್ನು ಕುಲಸಚಿವರ ಕುರ್ಚಿಯಲ್ಲಿ ಕೂರಿಸುವಾಗ ಯಾರೂ ತರಬೇತಿ ಕೊಡುವುದಿಲ್ಲ. ನಿನ್ನೆಯವರೆಗೆ ತರಗತಿಯಲ್ಲಿ ಬಹಮನಿಗಳ ಆಡಳಿತ ಪಾಠ ಮಾಡಿದವನು ಇವತ್ತಿನಿಂದ ಉತ್ತರ ಪತ್ರಿಕೆಗಳಿಗೆ ಗುಪ್ತ ಸಂಖ್ಯೆ ಹಾಕುವ ಕೋಡಿಂಗ್, ಅದನ್ನು ಬಿಡಿಸುವ ಡಿಕೋಡಿಂಗ್, ಬಂಡಲ್, ಲೆಡ್ಜರ್‌ಗಳ ನಡುವೆ ಕೂರಬೇಕು. 2000ದ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಪರೀಕ್ಷೆಯ ಹೊಣೆಯನ್ನು ಮೌಲ್ಯಮಾಪನ ಕುಲಸಚಿವರಿಗೆ ವಹಿಸಿದೆ. ಆ ಹೊಣೆ ಹೊರಲು ಬೇಕಾದ ಜನರನ್ನು ಮಾತ್ರ ಯಾರೂ ಕೊಡುವುದಿಲ್ಲ. ನಾನೂ ಆ ಕುರ್ಚಿಯಲ್ಲಿ ಕೂತಿದ್ದವನು.

ಫಲಿತಾಂಶ ಬಂದ ಮೇಲೆ ಚಿಂಚೋಳಿ ಕಡೆಯ ಹಳ್ಳಿಯೊಂದರ ಹುಡುಗಿ ತಂದೆಯ ಜೊತೆ ಕಲಬುರಗಿಗೆ ಬಂದಳು. ಬಿ.ಎ. ಕೊನೆಯ ಸೆಮಿಸ್ಟರಿನ ಒಂದು ಪತ್ರಿಕೆಗೆ ‘ಗೈರು’ ಎಂದು ಬಂದಿತ್ತು. ಬಿ.ಎಡ್. ಸೀಟಿಗೆ ದಾಖಲೆ ಪರಿಶೀಲನೆ ಅದೇ ಸಂಜೆ ಮುಗಿಯುತ್ತಿತ್ತು. 371(ಜೆ) ಪ್ರಮಾಣಪತ್ರ ಮಾಡಿಸಿ ಇಟ್ಟುಕೊಂಡಿದ್ದಳು. ಸಂವಿಧಾನದ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸಿಕ್ಕ ಮೀಸಲಾತಿಯ ಹಕ್ಕು ಅದು. ಅಂಕಪಟ್ಟಿಯಲ್ಲಿ ‘ಗೈರು’ ಇದ್ದರೆ ಆ ಪ್ರಮಾಣಪತ್ರ ಇದ್ದೂ ಇಲ್ಲದಂತೆ.

“ನಾ ಬರ್ದೀನ್ರಿ ಸರ್. ಹಾಲ್ ಟಿಕೆಟಿನ ಮ್ಯಾಲ ಮೇಡಮ್ ಸಹಿ ಅದ ನೋಡ್ರಿ,” ಅಂದಳು.

ಅವಳ ಅರ್ಜಿ ಮೊದಲೇ ನನ್ನ ಮೇಜಿಗೆ ಬಂದುಹೋಗಿತ್ತು. “ಸದರಿ ವಿದ್ಯಾರ್ಥಿನಿ ಗೈರುಹಾಜರಾಗಿರುತ್ತಾರೆ” ಎಂದು ಪರೀಕ್ಷಾ ಕೇಂದ್ರ ಕಳಿಸಿದ್ದ ಪತ್ರ ನೋಡಿ, ಅರ್ಜಿಯನ್ನು ನಾನೇ ತಿರಸ್ಕರಿಸಿದ್ದೆ. ಆ ಪತ್ರದಲ್ಲಿ ಜಾವಕ ಸಂಖ್ಯೆ ಇತ್ತು, ಮೊಹರು ಇತ್ತು. ನಂಬಲು ಅಷ್ಟು ಸಾಕಾಗಿತ್ತು. ಹಾಜರಿ ಪಟ್ಟಿಯ ಮೂಲ ಪ್ರತಿ ನಮ್ಮ ಕಟ್ಟಡದಲ್ಲೇ, ನನ್ನ ಕೋಣೆಯ ಕೆಳಗಿನ ಮಹಡಿಯಲ್ಲೇ ಇತ್ತು. ತರಿಸಿ ನೋಡಿರಲಿಲ್ಲ. ಇತಿಹಾಸದ ವಿದ್ಯಾರ್ಥಿಗಳಿಗೆ ಮೂಲ ದಾಖಲೆ ನೋಡದೆ ಒಂದು ಸಾಲೂ ಬರೆಯಬೇಡಿ ಎಂದು ಹೇಳುತ್ತಾ ಬಂದವನು ನಾನು. ಈಗಲೂ ಅದು ಚುಚ್ಚುತ್ತದೆ.

ಆ ಪಟ್ಟಿ ತರಿಸಿದಾಗ ಮಧ್ಯಾಹ್ನ ಮೂರು ದಾಟಿತ್ತು. ಅವಳ ಸಹಿ ಇತ್ತು, ಪಕ್ಕದಲ್ಲಿ ಉತ್ತರ ಪತ್ರಿಕೆಯ ಸಂಖ್ಯೆಯೂ ಇತ್ತು. ಕೋಡಿಂಗ್ ರಿಜಿಸ್ಟರಿನಲ್ಲಿ ಆ ಸಂಖ್ಯೆಯೇ ಇಲ್ಲ! ಅಂದರೆ ಪತ್ರಿಕೆ ಬೇರೆ ಬಂಡಲಿಗೆ ಸೇರಿದೆ. ಉತ್ತರ ಪತ್ರಿಕೆಗಳ ಉಸ್ತುವಾರಿಯ ಕಸ್ಟೋಡಿಯನ್, ಇಬ್ಬರು ಗುತ್ತಿಗೆ ಹುಡುಗರು, ನಾನು, ನಾಲ್ವರೂ ಸ್ಟ್ರಾಂಗ್ ರೂಮಿನ ನೆಲದ ಮೇಲೆ ಕುಳಿತು ಅದೇ ಕೇಂದ್ರದ ಬಂಡಲುಗಳನ್ನು ಬಿಚ್ಚಿದೆವು. ಗಾಳಿಯಿಲ್ಲ, ಧೂಳು ಬೇರೆ. ಯಾರೂ ಮಾತಾಡಲಿಲ್ಲ. ಕೊನೆಗೆ ಸಮಾಜಶಾಸ್ತ್ರದ ಬಂಡಲಿನ ತಳದಲ್ಲಿ ಅವಳ ಪತ್ರಿಕೆ ಸಿಕ್ಕಿತು. ಪ್ರಶ್ನೆಪತ್ರಿಕೆಯ ಸಂಕೇತ ಸಂಖ್ಯೆ (ಕ್ಯೂಪಿ ಕೋಡ್) ತಪ್ಪಿದ್ದರಿಂದ ಯಾರೋ ಪಕ್ಕಕ್ಕಿಟ್ಟು, ಅಲ್ಲಿಗೇ ಬಿಟ್ಟಿದ್ದರು.

ವಿಭಾಗದಿಂದ ಪರೀಕ್ಷಕರೊಬ್ಬರನ್ನು ಕರೆಸಿದೆ. ಹೆಸರು, ನೋಂದಣಿ ಸಂಖ್ಯೆ ಕಾಣದಂತೆ ಮುಚ್ಚಿ ಪತ್ರಿಕೆ ಕೊಟ್ಟೆವು. ಅವರು ಅವಸರ ಮಾಡಲಿಲ್ಲ. ಗಡಿಯಾರ ನೋಡುತ್ತಾ ನಿಂತಿದ್ದರೂ, ಬೇಗ ಮುಗಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಉತ್ತೀರ್ಣಳಾಗಿದ್ದಳು. ಆದರೆ ಸಾಫ್ಟ್‌ವೇರ್ ತಿದ್ದುಪಡಿ ಸ್ವೀಕರಿಸಲಿಲ್ಲ. ಒಟಿಪಿ ಹೋಗುತ್ತಿದ್ದದ್ದು ರಜೆಯ ಮೇಲಿದ್ದ ಅಧಿಕಾರಿಯ ಮೊಬೈಲಿಗೆ, ಅದೋ ಸ್ವಿಚ್ ಆಫ್. ಕುಲಪತಿಗಳಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು, ತಾತ್ಕಾಲಿಕ ಅಂಕಪಟ್ಟಿ ಟೈಪ್ ಮಾಡಿಸಿದೆ.

“ಸರ್, ಆಡಿಟ್‌ನ್ಯಾಗ ಕೇಳ್ತಾರ,” ಅಂದರು ಸೂಪರಿಂಟೆಂಡೆಂಟರು.

“ಕೇಳ್ಲಿ,” ಎಂದು ಸಹಿ ಹಾಕಿದೆ.

ಆಡಿಟ್‌ನವರು ಕೇಳಿದರು. ಆಕ್ಷೇಪಣೆ ಬರೆದರು, ಉತ್ತರ ಕೊಟ್ಟೆ. ಇವತ್ತು ಅದೇ ಸ್ಥಿತಿ ಬಂದರೂ ಅದೇ ಸಹಿ ಹಾಕುತ್ತೇನೆ. ಹುಡುಗಿಗೆ ಸೀಟು ಸಿಕ್ಕಿತು.

ನಮ್ಮ ಹಿರಿಯರು ಪದವಿಗಾಗಿ ಧಾರವಾಡದ ಕಡೆ ನೋಡಬೇಕಿತ್ತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಆಮೇಲೆ ರಾಯಚೂರು, ಬೀದರ್‌ಗಳಿಗೂ ಪ್ರತ್ಯೇಕ ವಿಶ್ವವಿದ್ಯಾಲಯಗಳು ಬಂದವು. ಇಷ್ಟೆಲ್ಲ ಹತ್ತಿರ ಬಂದರೂ ಒಂದು ಪದ ತಿದ್ದಿಸಿಕೊಳ್ಳಲು ಕೂಲಿ ಬಿಟ್ಟು ತಂದೆ ಮಗಳು ಬಸ್ ಹತ್ತಬೇಕೇ? ಕಟ್ಟಡ, ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಗ್ರೇಡುಗಳ ಬಗ್ಗೆ ಗಂಟೆಗಟ್ಟಲೆ ನಡೆಯುವ ಸಭೆಗಳಲ್ಲಿ ಹೀಗೆ ತಿದ್ದಿಸಿಕೊಳ್ಳಲು ಬಂದವರು ನಿಲ್ಲುವ ಕೌಂಟರಿನ ಸರದಿಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಆಮೇಲೆ ಒಂದು ಪದ್ಧತಿ ಮಾಡಿದೆವು. ಫಲಿತಾಂಶ ಪ್ರಕಟಿಸುವ ಮೊದಲು ‘ಗೈರು’ ಇರುವ ಪ್ರತಿ ಸಂಖ್ಯೆಯನ್ನೂ ಹಾಜರಿ ಪಟ್ಟಿಯ ಜೊತೆ ಕೈಯಾರೆ ತಾಳೆ ನೋಡಬೇಕು. ಫಲಿತಾಂಶ ತಡವಾಯಿತೆಂದು ಮೇಲಿನಿಂದ ಫೋನುಗಳು ಬಂದವು, ಕೆಲವರು ಕೂಗಾಡಿದರು. ಪದ್ಧತಿ ಬಿಡಲಿಲ್ಲ. ಆದರೆ ತಾಳೆ ನೋಡುತ್ತಿದ್ದವರು ಗುತ್ತಿಗೆ ಹುಡುಗರು. ಗುತ್ತಿಗೆ ಮುಗಿದರೆ ಅವರು ಹೋಗುತ್ತಾರೆ, ಕಲಿತದ್ದೂ ಅವರ ಜೊತೆಗೇ ಹೋಗುತ್ತದೆ. ಆ ಶಾಖೆಗೆ ಖಾಯಂ ಹುದ್ದೆ ಕೊಡಿ ಎಂದು ಬರೆದ ಪತ್ರಗಳ ಪ್ರತಿ ನನ್ನ ಬಳಿ ಇವೆ. ಈಗ ಆ ಕುರ್ಚಿಯಲ್ಲಿರುವವರಿಗೂ ಕೊಟ್ಟಿದ್ದೇನೆ.