4.8 ಮೀಟರ್ ಅಲೆ ಸಿಕ್ಕಿತ್ತು, ಪೀರಿಯಡ್ ನೋಡಿರಲಿಲ್ಲ

ಹಡಗಿನ ಹಿಂಭಾಗದ ಕ್ರೇನ್‌ನಿಂದ ಭಾರವಾದ ಉಕ್ಕಿನ ಚೌಕಟ್ಟೊಂದನ್ನು ಸಮುದ್ರದ ತಳಕ್ಕೆ ಇಳಿಸಬೇಕಿತ್ತು. ಎಷ್ಟು ಅಲೆಯವರೆಗೆ ಇಳಿಸಬಹುದು ಎಂದು ಸಿಮ್ಯುಲೇಶನ್ ಮಾಡಿ ಹೇಳುವುದು ನನ್ನ ಕೆಲಸ.

ಎಚ್‌ಎಸ್, ಅಂದರೆ ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗದ ಸರಾಸರಿ ಎತ್ತರ, 2.5 ಮೀಟರ್ ಎಂದು ಹಿಡಿದೆ. ಸರಾಸರಿ ಪೀರಿಯಡ್, ಅಂದರೆ ಒಂದು ಅಲೆ ದಾಟಿ ಹೋಗಲು ಬೇಕಾದ ಸಮಯ, 6.2 ಸೆಕೆಂಡ್. ಮೂರು ಗಂಟೆಗೆ ಸುಮಾರು 1,740 ಅಲೆಗಳು. ಅಲೆಗಳ ಎತ್ತರ ಹೇಗೆ ಹಂಚಿಕೆಯಾಗಿರುತ್ತದೆ ಎಂದು ಹೇಳುವ ರೇಲೀ ಲೆಕ್ಕದಂತೆ ಅವುಗಳಲ್ಲಿ ಅತಿ ದೊಡ್ಡದು ಎಚ್‌ಎಸ್‌ನ 1.93 ಪಟ್ಟು, ಅಂದರೆ 4.8 ಮೀಟರ್ ಇರುವ ಸಾಧ್ಯತೆ ಜಾಸ್ತಿ.

ಮೂರು ಗಂಟೆಯನ್ನು ಪೂರ್ತಿ ಓಡಿಸಲು ತುಂಬಾ ಸಮಯ ಬೇಕು. ಹಾಗಾಗಿ ಒಂದೊಂದೇ ಸೀಡ್ (ಪ್ರತಿ ಸಲ ಬೇರೆ ಅಲೆಗಳ ಸರಣಿ ಹುಟ್ಟಿಸುವ ಸಂಖ್ಯೆ) ಹಾಕಿ, 4.8 ಮೀಟರ್ ಅಲೆ ಬರುವ ಜಾಗ ಹುಡುಕಿ, ಅದರ ಹಿಂದೆಮುಂದಿನ ಕೆಲವು ನಿಮಿಷ ಮಾತ್ರ ಓಡಿಸುತ್ತೇವೆ. ಎತ್ತರದ ಟಾಲರೆನ್ಸ್, ಅಂದರೆ ಒಪ್ಪಬಹುದಾದ ಹೆಚ್ಚುಕಡಿಮೆ, ±5% ಇತ್ತು. ಬಿಗಿ ಮಾಡಿದಷ್ಟೂ ಒಳ್ಳೆಯದು ಅಂದುಕೊಂಡು ±1%ಗೆ ಇಳಿಸಿದೆ. ಒಂದು ಸೀಡ್ ಸಿಕ್ಕಿತು. ವೈರ್ ಎಲ್ಲೂ ಸಡಿಲವಾಗಲಿಲ್ಲ. 2.5 ಮೀಟರ್ ಸರಿ ಎಂದು ವರದಿ ಬರೆದೆ.

ವರದಿ ಪರಿಶೀಲಿಸಿದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: "ಈ ಅಲೆಯ ಪೀರಿಯಡ್ ಎಷ್ಟು?"

ನಾನು ನೋಡಿರಲೇ ಇಲ್ಲ. ನೋಡಿದರೆ 6 ಸೆಕೆಂಡ್. ಆಳ ನೀರಿನಲ್ಲಿ ಅಲೆಯ ಉದ್ದ ಸಿಗಬೇಕಾದರೆ ಪೀರಿಯಡ್‌ನ ವರ್ಗವನ್ನು 1.56ರಿಂದ ಗುಣಿಸಬೇಕು. ಬಂದಿದ್ದು 56 ಮೀಟರ್. ನಮ್ಮ ಹಡಗು 110 ಮೀಟರ್. ಅದರ ಕೆಳಗೆ ಇಂಥ ಎರಡು ಅಲೆಗಳು ಹಿಡಿಸುತ್ತವೆ, ಹಡಗು ಅಲ್ಲಾಡುವುದೇ ಕಡಿಮೆ. ಅತಿ ದೊಡ್ಡ ಅಲೆಗೆ ಸಾಮಾನ್ಯವಾಗಿ ಸರಾಸರಿಯ 1.05ರಿಂದ 1.4 ಪಟ್ಟು ಪೀರಿಯಡ್ ನೋಡುತ್ತಾರೆ. ಇಲ್ಲಿ ಅದು 6.5ರಿಂದ 8.7 ಸೆಕೆಂಡ್. ನನ್ನ ಅಲೆ ಆ ಮಿತಿಯ ಹೊರಗೇ ಇತ್ತು.

ಎತ್ತರವನ್ನು ಮತ್ತೆ ±5%ಗೆ ಬಿಟ್ಟು, ಪೀರಿಯಡ್‌ನ ಷರತ್ತನ್ನೂ ಸೇರಿಸಿ ಹುಡುಕಿದೆ. 4.6 ಮೀಟರ್ ಎತ್ತರ, 8.4 ಸೆಕೆಂಡ್‌ನ ಅಲೆಯೊಂದು ಬಂತು. ಉದ್ದ 110 ಮೀಟರ್, ಸರಿಯಾಗಿ ಹಡಗಿನಷ್ಟೇ. ಹಿಂಭಾಗ ಜೋರಾಗಿ ಏರಿ ಇಳಿಯಿತು, ಕ್ರೇನ್ ತುದಿಯೂ ಅದರ ಜೊತೆ. ಚೌಕಟ್ಟು ಮುಳುಗುವುದಕ್ಕಿಂತ ಬೇಗ ತುದಿ ಕೆಳಗೆ ಬಂದಾಗ ವೈರ್ ಸಡಿಲವಾಯಿತು. ಮರುಕ್ಷಣವೇ ಜೋರು ಜಗ್ಗು. ಈ ಅಲೆ ±5%ರೊಳಗಿದೆ. ನನ್ನ ±1% ಇದನ್ನೇ ಹೊರಗಿಡುತ್ತಿತ್ತು! ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಯೋಚಿಸಿ ನೋಡಿ, 4.8 ಮೀಟರ್‌ನ 1% ಅಂದರೆ 5 ಸೆಂಟಿಮೀಟರ್. ಆ 4.8 ಕೂಡ ಗಟ್ಟಿ ಮಿತಿಯಲ್ಲ. ಇಂಥ ಮೂರು ಗಂಟೆಗಳನ್ನು ನೂರು ಸಲ ತೆಗೆದುಕೊಂಡರೆ ಸುಮಾರು 63 ಸಲ ಅದಕ್ಕಿಂತ ದೊಡ್ಡ ಅಲೆ ಬಂದೇ ಬರುತ್ತದೆ. ಅಂಥ ಸಂಖ್ಯೆಗೆ 5 ಸೆಂಟಿಮೀಟರ್ ಬಿಗಿ ಯಾಕೆ ಬೇಕು, ಅಲ್ವಾ?

ಅಲೆಯನ್ನು ಹುಡುಕುವ ಜಾಗವೂ ಮುಖ್ಯ. ಸಿಮ್ಯುಲೇಶನ್‌ನ ಸಮುದ್ರ ಹಲವು ಬಿಡಿ ಅಲೆಗಳು ಸೇರಿ ಆದದ್ದು, ಅವುಗಳ ವೇಗ ಬೇರೆ ಬೇರೆ. ಮಾಡೆಲ್‌ನ ಮೂಲಬಿಂದುವಿನಲ್ಲಿ 4.8 ಇದ್ದದ್ದು 50 ಮೀಟರ್ ಆಚೆ ಅಷ್ಟೇ ಇರಬೇಕೆಂದಿಲ್ಲ.

ಈಗ ಎತ್ತರಕ್ಕೆ ±5% ಬಿಡುತ್ತೇನೆ. ಪೀರಿಯಡ್‌ಗೆ ಬೇರೆ ಮಿತಿ ಹಾಕಿ, ಹಡಗು ಇರುವ ಜಾಗದಲ್ಲೇ ಹುಡುಕುತ್ತೇನೆ. ಕೊನೆಯ ಲೆಕ್ಕಕ್ಕೆ ಅಲೆಯ ಎತ್ತರವನ್ನೇ ಬಿಟ್ಟು, ಕ್ರೇನ್ ತುದಿಯ ವೇಗ ಎಲ್ಲಿ ಅತಿ ಹೆಚ್ಚು ಎಂದು ನೋಡಿ, ಹತ್ತು ಸೀಡ್‌ಗಳಿಗೆ ಮೂರು ಗಂಟೆ ಪೂರ್ತಿ ಓಡಿಸುತ್ತೇನೆ. ರಾತ್ರಿಯಿಡೀ ಓಡಿದರೂ ಪರವಾಗಿಲ್ಲ. ಡೆಕ್ ಮೇಲೆ ಆ ವೈರ್ ಹತ್ತಿರ ಜನ ನಿಂತಿರುತ್ತಾರೆ.

ತಿದ್ದಿದ ವರದಿಯಲ್ಲಿ ಮಿತಿ 2.5ರಿಂದ 2 ಮೀಟರ್‌ಗೆ ಇಳಿಯಿತು.